ಮುನಿರಾಜುವಿನ ಇಬ್ಬರಾಟ

ಮೊದಲ ಸಲ ನೋಡಿದಾಗ ಮುನಿರಾಜುವಿಗೆ ಮುಖವೇ ಇರಲಿಲ್ಲ. ಪ್ರೆಷರ್ ಕುಕ್ಕರಿನಷ್ಟು ದೊಡ್ಡ ಕಪ್ಪು ಹೆಲ್ಮೆಟ್ಟು ಮೂಗಿನವರೆಗೆ ಇಳಿದಿತ್ತು. ಅದರ ಹಿಂದೆ ಎಮ್ಮೆಯ ಬಾಲದಂತೆ ಒಂದು ವೈರು. ಪಂಚೆ ಎತ್ತಿಕಟ್ಟಿ, ದೊಮ್ಮಲೂರಿನ ತನ್ನ ಮನೆಯ ಹಳೆಯ ಕೊಟ್ಟಿಗೆಯಲ್ಲಿ, ಇಲ್ಲದ ಕೋಳಿಯನ್ನು ಹಿಡಿಯುವವನ ಹಾಗೆ ಗಾಳಿಯಲ್ಲಿ ಕೈಯಾಡಿಸುತ್ತಿದ್ದ. ಹಿಂದಿನ ಬೀದಿಯವನಾದ ನಾನು ಹೋದದ್ದು ಗಲಾಟೆಯ ಬಗ್ಗೆ ದೂರು ಹೇಳಲು. ಕಾರ್ಖಾನೆಯ ತಪಾಸಣೆ ವಿಭಾಗದಿಂದ ಆಗಷ್ಟೇ ನಿವೃತ್ತನಾದವನಿಗೆ ಉಳಿದಿದ್ದ ಉದ್ಯೋಗ ಅದೊಂದೇ.

“ಸಾರ್, ಅಲ್ಲೇ ನಿಂತ್ಕೊಳ್ಳಿ! ಮುಂದೆ ಕೆರೆ ಇದೆ!”

ನಾನು ನಿಂತುಬಿಟ್ಟೆ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಹಲಸೂರಿನಲ್ಲಿದ್ದ ಅವನ ವಿಡಿಯೋ ಗೇಮ್ ಅಂಗಡಿ ಮುಚ್ಚಿತ್ತು. ಹೆಲ್ಮೆಟ್ಟು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು. ಕಣ್ಣಿಗೆ ಹಾಕಿಕೊಂಡರೆ ಕಂಪ್ಯೂಟರಿನೊಳಗಿನ ಚಿತ್ರ ಸುತ್ತಲೂ ಆವರಿಸುತ್ತಿತ್ತು. ಚಿತ್ರ ಬರೆಯುವುದನ್ನು ಇಂದಿರಾನಗರದ ಕಂಪ್ಯೂಟರ್ ಕ್ಲಾಸಿನಲ್ಲಿ ತನ್ನ ಅರ್ಧ ವಯಸ್ಸಿನವರ ನಡುವೆ ಕೂತು ಕಲಿತ.

“ಅಂಗ್ಡೀಲಿ ಜನ ಒಬ್ಬರಿಗೊಬ್ರು ಗುಂಡು ಹೊಡ್ಕೊಳ್ಳೋದು ನೋಡಿ ನೋಡಿ ಸಾಕಾಯ್ತು ಸಾರ್. ಇಬ್ರೂ ಸೇರಿದ್ರೇನೇ ಮುಗಿಯೋ ಆಟ ಮಾಡ್ತೀನಿ,” ಎನ್ನುತ್ತಿದ್ದ.

ಆಟ ಸರಳ. ಹೆಲ್ಮೆಟ್ಟು ಹಾಕಿದವನಿಗೆ ಕೆರೆಯಂಚಿನ ಕಲ್ಲುಮಂಟಪ, ಅದರ ಮುಚ್ಚಿದ ಬಾಗಿಲು, ಬಾಗಿಲ ಮೇಲಿನ ಗುರುತುಗಳು ಕಾಣುತ್ತವೆ; ಮುಟ್ಟುವಂತಿಲ್ಲ. ಹೊರಗಿರುವವನ ಮುಂದೆ ನಿಜವಾದ ಮರದ ತುಂಡುಗಳು, ಅವನ್ನು ಕೂರಿಸಲು ಗುಳಿಗಳಿರುವ ಹಲಗೆ; ಗುಳಿಗಳ ಕೆಳಗೆ ಹಳೆಯ ಕೀಬೋರ್ಡಿನ ಗುಂಡಿಗಳು. ಅವನಿಗೆ ಬಾಗಿಲು ಕಾಣದು. ಹೆಲ್ಮೆಟ್ಟಿನವನು ಗುರುತು ನೋಡಿ ಹೇಳಬೇಕು, ಹೊರಗಿನವನು ಕೂರಿಸಬೇಕು; ಎಲ್ಲ ಸರಿಯಾದರೆ ಬಾಗಿಲು ತೆರೆಯುತ್ತದೆ.

ಸಂಜೆ ಐದಕ್ಕೆ ಹೋಗಿ ಆರಕ್ಕೆ ವಾಕಿಂಗಿಗೆ ಏಳುವ ಪರೀಕ್ಷಕನಾಗಿ ನಾನು ನೇಮಕಗೊಂಡೆ. ಮೊದಲ ದಿನವೇ ಅನಾಹುತ. ಅಂದಕ್ಕಿರಲಿ ಎಂದು ಮಂಟಪದ ನಡುವೆ ಅವನೊಂದು ಬಸವನನ್ನು ಬರೆದಿದ್ದ. ಬಸವನನ್ನು ಕಂಡರೆ ಕಾಲು ಸುಮ್ಮನಿರುತ್ತದೆಯೇ? ಬಲಕ್ಕೆ ಪ್ರದಕ್ಷಿಣೆ ಹೊರಟೆ. ವೈರು ಮೊಣಕಾಲಿಗೆ ಸುತ್ತಿತು, ಮಾನಿಟರು ಮೇಜಿನಿಂದ ಧೊಪ್ಪನೆ ಬಿತ್ತು. ಬಂದವರೆಲ್ಲ ಹೀಗೇ ಮಾಡಿದರು. ಬಸವನನ್ನು ತೆಗೆದು ನಲ್ಲಿ, ನೀರಿನ ಡ್ರಮ್ಮು ಇಟ್ಟ. ಈಗ ಜನ ಅಲ್ಲಾಡದೆ ಅದರ ಮುಂದೆ ನಿಂತರು, ನೀರು ಬರುವುದನ್ನು ಕಾಯುತ್ತ. ಕೊನೆಗೆ ಅಲ್ಲಿ ಖಾಲಿ ಜಾಗವೇ ಉಳಿಯಿತು.

ಆಟ ಸಿದ್ಧವಾಯಿತು. ಆದರೆ ಕೊಟ್ಟಿಗೆ ಅವನ ಅಣ್ಣ ಪಿಳ್ಳಪ್ಪನಿಗೂ ಸೇರಿದ್ದು. ಅವನು ಒಪ್ಪದೆ ಅಲ್ಲಿ ಆಟದ ಅಂಗಡಿ ತೆರೆಯುವಂತಿರಲಿಲ್ಲ; ಅವನಿಗೋ ಅದನ್ನು ಕೆಡವುವ ಆಸೆ. ಪಾಲಿನ ಜಗಳದ ನಂತರ ಇಬ್ಬರಿಗೂ ಮಾತಿರಲಿಲ್ಲ. ಒಂದೇ ಅಂಗಳ, ಎದುರುಬದುರು ಬಾಗಿಲು, ಆದರೂ ನಡುವೆ ಒಬ್ಬ ದುಭಾಷಿ ಬೇಕು. ಆ ಕೆಲಸವೂ ನನ್ನದಾಯಿತು.

“ಸಾರ್, ಆವಯ್ಯಂಗೆ ಹೇಳಿ, ಒಂದ್ಸಲ ಆಡಿ ನೋಡ್ಲಿ.”

“ಸಾರ್, ಅವನಿಗೆ ಹೇಳಿ, ನಂಗೇನು ತಲೆ ಕೆಟ್ಟಿಲ್ಲ.”

ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

ಅಂತೂ ಒಂದು ಸಂಜೆ ಪಿಳ್ಳಪ್ಪ ಪೇಟ ತೆಗೆದು ಹೆಲ್ಮೆಟ್ಟು ಹಾಕಿಕೊಂಡ. ಮುನಿರಾಜು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. “ಸಾರ್, ಅವನಿಗೆ ಹೇಳಿ, ಮೂರು ಮೂಲೆ ತುಂಡು ಇಡ್ಬೇಕಂತೆ,” ಎಂದ ಪಿಳ್ಳಪ್ಪ. ನಾನು ಹೇಳಿದೆ. “ಸಾರ್, ಎಲ್ಲಿ ಅಂತ ಕೇಳಿ.” ಕೇಳಿದೆ. ಆರು ಹೊಡೆಯಿತು. ಎದ್ದೆ.

“ಎಲ್ಲಿಗೆ ಸಾರ್?” ಮುನಿರಾಜುವಿನ ದನಿ ಕುಸಿಯಿತು.

“ವಾಕಿಂಗ್.”

“ಇವತ್ತೊಂದಿನ ಸಾರ್! ಕಾಲು ಹಿಡ್ಕೋತೀನಿ!”

ಕಾರ್ಖಾನೆಗೆ ಪ್ರಧಾನಮಂತ್ರಿ ಬಂದಾಗಲೂ ತಪ್ಪಿಸದ ವಾಕಿಂಗು. ಚಪ್ಪಲಿ ಮೆಟ್ಟಿ ಹೊರಟೆ. ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಪಿಳ್ಳಪ್ಪನ ಗುಡುಗು:

“ಎಡಕ್ಕಿಡೋ, ಕೋಣ!”

“ಯಾರ ಎಡಕ್ಕೆ? ನಿಂದಾ ನಂದಾ?”

“ಎಡ ಅಂದ್ರೆ ಎಡ ಕಣೋ! ಹುಟ್ದಾಗಿಂದ ನೀನು ಹಿಂಗೇ!”

“ನೀನು ಸರ್ಯಾಗಿ ಹೇಳಣ್ಣ, ಆಮೇಲೆ ಬಯ್ಯಿ!”

ವಾಕಿಂಗ್ ಮುಗಿಸಿ ಬಂದಾಗ ಮಂಟಪದ ಬಾಗಿಲು ತೆರೆದಾಗಿತ್ತು. ಪಿಳ್ಳಪ್ಪ ಹೆಲ್ಮೆಟ್ಟು ಹಾಕಿಕೊಂಡೇ ಕಾಫಿ ಕುಡಿಯುತ್ತಿದ್ದ. ಲೋಟವನ್ನು ತಮ್ಮನೇ ಬಾಯಿಗೆ ಹಿಡಿದಿದ್ದ. ಇಬ್ಬರೂ ಅವ್ವನ ಬಗ್ಗೆ ಏನೋ ಮಾತಾಡುತ್ತಿದ್ದರು. ನನ್ನ ಕಡೆ ಯಾರೂ ತಿರುಗಲಿಲ್ಲ.

ಮುಂದಿನ ತಿಂಗಳು ಇಟ್ಟಿಗೆ ಲಾರಿ ಬಂತು. ಅಣ್ಣತಮ್ಮಂದಿರು ಹಗಲೂ ರಾತ್ರಿ ಮಾತಾಡಿ, ಕೊಟ್ಟಿಗೆ ಕೆಡವಿ ಜೊತೆಯಲ್ಲೇ ಮಹಡಿಮನೆ ಕಟ್ಟುವುದೆಂದು ತೀರ್ಮಾನಿಸಿದ್ದರು. ಗೋಡೆ ಉರುಳುತ್ತಿದ್ದಾಗ ನಾನು ರೇಗಿದೆ: “ಅಲ್ಲಯ್ಯಾ, ಈ ಕೊಟ್ಟಿಗೆ ಉಳೀಲಿ ಅಂತ ತಾನೆ ಅವನನ್ನ ಆಡೋಕೆ ಕರೆಸಿದ್ದು?”

ಮುನಿರಾಜು ತಲೆ ಮೇಲಿನ ಧೂಳು ಕೊಡವಿಕೊಂಡ. “ಮಾತಾಡ್ದೆ ಇದ್ದಿದ್ರೆ ಉಳೀತಿತ್ತು ಸಾರ್. ಮಾತಾಡ್ಬಿಟ್ವಿ.”

“ಮುನೀ, ಬಾರೋ ಈ ಕಡೆ! ಬಾಗ್ಲು ನಿಲೆ ಹಿಡ್ಕೋ!” ಎಂದು ಪಿಳ್ಳಪ್ಪ ಕೂಗಿದ.

“ಬಂದೇ ಅಣ್ಣ!” ಎನ್ನುತ್ತ ಇಟ್ಟಿಗೆ ರಾಶಿ ಹತ್ತಿ ಆಚೆ ಇಳಿದ. ಮಹಡಿಮನೆ ಎದ್ದ ಮೇಲೆ ಅವನು ಕೆ.ಆರ್. ಪುರದ ಕಡೆ ಹೋದನಂತೆ, ಅಣ್ಣನ ಜೊತೆ ಇನ್ನೊಂದು ಕಟ್ಟಡ ಕಟ್ಟಿಸಲು. ನಾನು ಅವನನ್ನು ಮತ್ತೆ ನೋಡಲಿಲ್ಲ. ಸಂಜೆ ಐದರಿಂದ ಆರರವರೆಗೆ ಏನು ಮಾಡಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ.