ಕ್ಲಬ್ಬಿನ ದೀಪಾವಳಿಯಲ್ಲಿ ಅಜ್ಜಿಯ ತಟ್ಟೆ

ಅಪ್ಪ ತೀರಿಹೋಗಿ ಬಹಳ ವರ್ಷಗಳಾದವು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಅದೂ ಒಂದು ಬಿಟ್ಟಿ ಊಟದ ದೆಸೆಯಿಂದ.

ಅಪ್ಪನದು ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ, ಮನೆ ಚಾಮರಾಜಪೇಟೆಯಲ್ಲಿ. ವ್ಯಾಪಾರ ಚೆನ್ನಾಗಿತ್ತು. ಆದರೂ ಅಪ್ಪನಿಗೆ ಒಂದು ಕೊರಗು. ಬಸವನಗುಡಿಯಲ್ಲೊಂದು ಸೇವಾ ಕ್ಲಬ್ಬಿತ್ತು. ವಕೀಲರು, ಡಾಕ್ಟರುಗಳು, ದೊಡ್ಡ ಆಫೀಸರುಗಳು ಅದರ ಸದಸ್ಯರು. ಭಾನುವಾರಗಳಲ್ಲಿ ಬಡಮಕ್ಕಳಿಗೆ ಹಾಲು ಕೊಡುವುದು, ಹಬ್ಬಕ್ಕೆ ಬಟ್ಟೆ ಹಂಚುವುದು ಅವರ ಕೆಲಸ. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಹಂಚುವ ಬಟ್ಟೆ ಮಾತ್ರ ಅಪ್ಪನ ಅಂಗಡಿಯಿಂದ ಹೋಗುತ್ತಿತ್ತು, ಪುಕ್ಕಟೆಯಾಗಿ. ಬಟ್ಟೆ ಬೇಕು, ಬಟ್ಟೆ ಅಂಗಡಿಯವನು ಬೇಡ ಎಂಬಂತೆ ಅವರು ಅಪ್ಪನನ್ನು ಎಷ್ಟೋ ಕಾಲ ಹೊಸ್ತಿಲಿನ ಆಚೆಯೇ ನಿಲ್ಲಿಸಿದ್ದರು. ಕ್ಲಬ್ಬಿಗೆ ಸೇರಬೇಕೆನ್ನುವುದು ಅಪ್ಪನ ಜೀವಮಾನದ ಆಸೆಯಾಗಿಬಿಟ್ಟಿತ್ತು.

ಕೊನೆಗೆ ಒಂದು ದೀಪಾವಳಿಗೆ ಕರೆ ಬಂತು. ಹಬ್ಬದ ಸಂಜೆ ಊಟ, ಕುಟುಂಬ ಸಮೇತ ಬರಬೇಕು, ಊಟವಾದ ಮೇಲೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತಾರೆ. ಕುಟುಂಬ ಹೇಗಿದೆ, ನಾಲ್ಕು ಜನರ ಮಧ್ಯೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದಕ್ಕೇ ಈ ಏರ್ಪಾಡು ಎಂಬುದು ಅಪ್ಪನಿಗೂ ಗೊತ್ತು, ನನಗೂ ಗೊತ್ತು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಹಾಗಾಗಿ ಕುಟುಂಬ ಎಂದರೆ ಅಪ್ಪನ ತಾಯಿ, ನಮ್ಮಜ್ಜಿ, ಮತ್ತು ನಾನು.

"ಅವ್ವ, ಅಲ್ಲಿ ಮೇಜಿನ ಮೇಲೆ ಊಟ. ಮುಜುಗರ ಮಾಡ್ಕೋಬೇಡ" ಎಂದು ಅಪ್ಪ ಮತ್ತೆ ಮತ್ತೆ ಹೇಳಿದ.

"ಮೇಜಾದ್ರೇನು ನೆಲ ಆದ್ರೇನು, ಉಣ್ಣೋದು ಬಾಯಲ್ಲೇ ತಾನೆ" ಎಂದಳು ಅಜ್ಜಿ.

ನಮ್ಮ ಮನೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ನಾವು ಲಿಂಗ ಕಟ್ಟಿದವರು. ಉಣ್ಣುವ ಮೊದಲು ಲಿಂಗಕ್ಕೆ ತೋರಿಸಿದ ಮೇಲೆ ಅನ್ನ ಅನ್ನವಲ್ಲ, ಪ್ರಸಾದ. ಅದರಲ್ಲಿ ಒಂದು ಅಗುಳೂ ಚೆಲ್ಲುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದು ಏಳಬೇಕು. ಅಜ್ಜಿ, ಅಪ್ಪ, ನಾನು, ಮೂವರೂ ದಿನಾ ಹಾಗೆ ಮಾಡುತ್ತಿದ್ದೆವು. ಹಲ್ಲುಜ್ಜುವ ಹಾಗೆ ಅದೂ ಒಂದು. ಯಾರೂ ಅದನ್ನು ದೊಡ್ಡ ವಿಷಯವೆಂದು ಹೇಳಿಕೊಂಡವರಲ್ಲ.

ಕ್ಲಬ್ಬಿನ ಸಭಾಂಗಣದಲ್ಲಿ ಮೇಜುಗಳನ್ನು ಸಾಲಾಗಿ ಕೂಡಿಸಿ ಬಿಳಿ ಬಟ್ಟೆ ಹಾಸಿದ್ದರು. ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಹೋಟೆಲಿನಿಂದ ಪಿಂಗಾಣಿ ತಟ್ಟೆ ಬಾಡಿಗೆಗೆ ತಂದಿದ್ದರು. ಅಕ್ಕಿ ಇನ್ನೂ ರೇಷನ್ನಿನಲ್ಲಿ ಮಾತ್ರ, ಅಳೆದು ಸಿಗುತ್ತಿದ್ದ ಕಾಲ. ಅಲ್ಲಿ ನೋಡಿದರೆ ರಾಶಿ ರಾಶಿ ಪಲಾವು. ಪೂರಿ, ಸಾಗು, ಜಾಮೂನು ಎಲ್ಲ ಬಂತು. ಅಜ್ಜಿ ಸೆರಗಿನ ಮರೆಯಲ್ಲೇ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡು, ಹಾಕಿಸಿಕೊಂಡಷ್ಟನ್ನೂ ನಿಧಾನವಾಗಿ ಉಂಡಳು. ಸುತ್ತಲಿನವರು ಅರ್ಧರ್ಧ ಪೂರಿ ಮುರಿದು ಬಿಟ್ಟಿದ್ದರು. ಪೂರ್ತಿ ತಿಂದರೆ ಹೊಟ್ಟೆಬಾಕರೆನ್ನುತ್ತಾರಂತೆ, ಒಂದಿಷ್ಟು ಬಿಡುವುದೇ ಮರ್ಯಾದೆಯಂತೆ. ಹಸಿದ ಮಕ್ಕಳಿಗೆ ಹಾಲು ಕೊಡುವವರ ಮರ್ಯಾದೆ ಇದು! ಎದುರಿಗೆ ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ ಅಪ್ಪನ ತಟ್ಟೆ ನೋಡಿದೆ. ಅಲ್ಲೂ ಒಂದು ಹಿಡಿ ಪಲಾವು, ಕಚ್ಚಿ ಬಿಟ್ಟ ಜಾಮೂನು. ಅಪ್ಪ ಅನ್ನ ಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿಯೂ ನೋಡಿದಳು. ತನ್ನ ಲೋಟದ ನೀರನ್ನು ತಟ್ಟೆಗೆ ಹಾಕಿಕೊಂಡು ಬೆರಳಾಡಿಸತೊಡಗಿದಳು.

ಅಜ್ಜಿಯ ಪಕ್ಕದಲ್ಲಿದ್ದ ಅಧ್ಯಕ್ಷರ ಹೆಂಡತಿ ಅದನ್ನು ಕಂಡರು. "ಅಯ್ಯೋ ಪಾಪ" ಎಂದು ಬಡಿಸುವವನನ್ನು ಕರೆದರು. "ಇವ್ರಿಗೆ ಇನ್ನೊಂದಿಷ್ಟು ಹಾಕಪ್ಪ. ಸಂಕೋಚ ಪಟ್ಕೋಬೇಡಿ ಅಜ್ಜಿ, ಬೇಕಾದಷ್ಟಿದೆ."

ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ಭಾನುವಾರದ ಹಾಲಿನ ಸಾಲಿನಲ್ಲಿ ನಿಂತವರನ್ನು ಮಾತಾಡಿಸುವ ಅದೇ ಮರುಕದ ದನಿ. ಅಧ್ಯಕ್ಷರು ಬಗ್ಗಿ ನೋಡಿ, "ಹಾಲಿನ ಕ್ಯೂನಲ್ಲೂ ಇಷ್ಟು ಚೆನ್ನಾಗಿ ಖಾಲಿ ಮಾಡೋರನ್ನ ನಾನು ನೋಡಿಲ್ಲ" ಎಂದರು. ಮೇಜಿನ ಸುತ್ತ ನಗು ಎದ್ದಿತು.

ನನಗೆ ತಡೆಯಲಾಗಲಿಲ್ಲ. "ಅವ್ರು ಹಸಿದು ಹಂಗ್ ಮಾಡ್ತಿಲ್ಲ. ಅದು ನಮ್ಮ ಪದ್ಧತಿ. ಮನೇಲಿ ಅಪ್ಪಾಜಿನೂ ದಿನಾ ಹಿಂಗೇ ಕುಡೀತಾರೆ" ಎಂದೆ.

ನಗು ನಿಂತಿತು. ಎಲ್ಲರೂ ಅಪ್ಪನ ಮುಖ ನೋಡಿದರು. ಅಜ್ಜಿಯೂ ನೋಡಿದಳು. ತಟ್ಟೆ ಅವಳ ಎರಡೂ ಕೈಯಲ್ಲಿ, ತುಟಿಯ ಹತ್ತಿರ ಇತ್ತು.

ಗಿರಾಕಿಯ ಮುಂದೆ ಸೀರೆ ಹರವುವಾಗ ನಗುತ್ತಿದ್ದನಲ್ಲ, ಅದೇ ನಗೆ ನಕ್ಕ ಅಪ್ಪ. "ಅದೆಲ್ಲ ಹಳೇ ಕಾಲದೋರದು ಸಾರ್. ನಾನು ಬಿಟ್ಟು ಎಷ್ಟೋ ವರ್ಷ ಆಯ್ತು" ಎಂದ.

ಆವತ್ತು ಬೆಳಿಗ್ಗೆ ತಾನೇ ಅವನು ಅಜ್ಜಿಯ ಪಕ್ಕದಲ್ಲಿ ಕೂತು ತಟ್ಟೆ ತೊಳೆದು ಕುಡಿದಿದ್ದ. ಅಜ್ಜಿ ತನ್ನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಕುಡಿಯಲಿಲ್ಲ. ಬಡಿಸುವವನು ಬಂದು ಅದನ್ನು ಎತ್ತಿಕೊಂಡು ಹೋದ. ಪ್ರಸಾದದ ನೀರು ಎಂಜಲು ಬಕೆಟ್ಟಿಗೆ ಹೋಯಿತು.

ಅಪ್ಪನನ್ನು ಕ್ಲಬ್ಬಿಗೆ ಸೇರಿಸಿಕೊಂಡರು. ಕೋಟಿಗೆ ಕ್ಲಬ್ಬಿನ ಬಿಲ್ಲೆ ಚುಚ್ಚಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಅಪ್ಪನ ಕಣ್ಣಲ್ಲಿ ನೀರು ಬಂತು. ನಾನು ಚಪ್ಪಾಳೆ ತಟ್ಟಲಿಲ್ಲ. ಜಟಕಾದಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪನೊಬ್ಬನದೇ ಮಾತು, ಅಧ್ಯಕ್ಷರು ಎಂಥ ಸರಳ ಮನುಷ್ಯ ಎಂದು.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಉಂಡು, ತಟ್ಟೆ ತೊಳೆದು ಕುಡಿದ. ನಾನು ಎದುರಿಗೇ ನಿಂತು ಕೇಳಿದೆ. "ಬಿಟ್ಟು ಎಷ್ಟೋ ವರ್ಷ ಆಯ್ತು ಅಂದ್ರಲ್ಲ ಅಪ್ಪಾಜಿ?"

"ಹೊರಗಡೆ ಒಂಥರ, ಮನೇಲಿ ಒಂಥರ ಇರ್ಬೇಕಾಗುತ್ತೆ ಕಣಮ್ಮ. ನಿಂಗೆ ಗೊತ್ತಾಗಲ್ಲ."

ನಿಜವಾಗಿ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ವಕೀಲರಿಗೆ, ಡಾಕ್ಟರರಿಗೆ ತಿಳಿಯದು, ತಿಳಿಯದವರು ನಕ್ಕರು. ಅಪ್ಪನಿಗೆ ಎಲ್ಲ ತಿಳಿದಿತ್ತು. ತಿಳಿದೂ ಹೆತ್ತ ತಾಯಿಯನ್ನು ನಾಲ್ಕು ಜನರೆದುರು ಹೊಟ್ಟೆಗಿಲ್ಲದವಳನ್ನಾಗಿ ಮಾಡಿ ಬಿಲ್ಲೆ ಚುಚ್ಚಿಸಿಕೊಂಡು ಬಂದ. ಇದನ್ನು ನಾನು ಹೇಗೆ ಮರೆಯಲಿ?

ಅಜ್ಜಿ ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅಂದಿನಿಂದ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಎಲ್ಲರದೂ ಆದ ಮೇಲೆ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಒಂದು ಮಧ್ಯಾಹ್ನ ನಾನು ನೀರಿಗೆಂದು ಒಳಗೆ ಹೋದೆ. ಕಾಲಸಪ್ಪಳಕ್ಕೆ ಬೆಚ್ಚಿದ ಅಜ್ಜಿ ಕೈಯಲ್ಲಿದ್ದ ತಟ್ಟೆಯನ್ನು ಥಟ್ಟನೆ ಸೆರಗಿನಡಿ ಮುಚ್ಚಿಕೊಂಡಳು. ನೀರು ಮಡಿಲಿಗೆ ತುಳುಕಿತು.

"ನಾನೇ ಅಜ್ಜಿ" ಎಂದೆ.

"ಗೊತ್ತು ಕಣೆ" ಎಂದಳು, ತಿರುಗಿ ನೋಡದೆ. "ಆದ್ರೂ ನೀನು ಆಕಡೆ ಹೋಗು. ಕುಡ್ದು ಬರ್ತೀನಿ."