ಬಿಳಿ ಅಕ್ಕಿಯ ಬಾಣಂತನ

ನನ್ನ ಎರಡನೆಯ ಕೂಸಿಗೆ ಅಳುವಾಗ ದನಿ ಬರುತ್ತಿಲ್ಲವೆಂದು ಮೊದಲು ಗುರುತಿಸಿದವಳು ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ಒಂದು ಮುಂಜಾನೆ ಒಲೆಯ ಮುಂದೆ ಕೂತಿದ್ದವಳು ತಟ್ಟನೆ ಎದ್ದು ಬಂದು ತೊಟ್ಟಿಲಿಗೆ ಬಗ್ಗಿದಳು. ಕೂಸು ಬಾಯಿ ತೆರೆದಿತ್ತು, ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಸಪ್ಪಳ ಮಾತ್ರ ಇರಲಿಲ್ಲ. ಗಂಟಲೊಳಗೆ ಏನೋ ಕೆರೆದಂಥ ಸಣ್ಣ ಸದ್ದು, ಅಷ್ಟೇ. ನೆಗೆಣ್ಣಿ ನನ್ನ ಮುಖ ನೋಡಲಿಲ್ಲ. ತೊಟ್ಟಿಲ ಹಗ್ಗ ಹಿಡಿದುಕೊಂಡು ನಿಂತೇ ಇದ್ದಳು. ಅವಳ ಎರಡು ಕೂಸುಗಳೂ ಹೀಗೆಯೇ ದನಿ ಕಳೆದುಕೊಂಡು, ಏದುಸಿರು ಬಿಡುತ್ತ, ಮೂರನೆಯ ತಿಂಗಳು ದಾಟದೆ ಹೋಗಿದ್ದವು.

"ಅತ್ತಿಯವರಿಗೆ ಈಗ ಹೇಳಬ್ಯಾಡ," ಎಂದಳು. "ಮಂತ್ರಾ ಹಾಕಸ್ತೇನಿ ಅಂತಾರ. ಅದರಾಗ ಸುಮ್ನ ದಿನಾ ಕಳದು ಹೊಕ್ಕಾವು."

ಅದು ಲಡಾಯಿಯ, ಅಂದರೆ ಎರಡನೆಯ ಮಹಾಯುದ್ಧದ ಕಾಲ. ನನ್ನ ತವರು ಹತ್ತಿಮತ್ತೂರು, ಎರೆಹೊಲದ ಊರು. ಅಲ್ಲಿ ಜೋಳದ ರೊಟ್ಟಿ, ಹೆಸರುಕಾಳು, ಹೊಲದಲ್ಲಿ ಕೈಗೆ ಸಿಕ್ಕ ಸೊಪ್ಪು ತಿಂದು ಬೆಳೆದವಳು ನಾನು. ಕೊಟ್ಟಿದ್ದು ಹಾನಗಲ್ಲ ಸೀಮೆಯ ಆಡೂರಿಗೆ. ಅಲ್ಲಿ ಎತ್ತ ನೋಡಿದರೂ ಗದ್ದೆ, ಮೂರು ಹೊತ್ತೂ ಅನ್ನ. ನಾನು ಹೊಸದಾಗಿ ಬಂದಾಗ ಮನೆಯಲ್ಲೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದೆವು. ಕೆಂಪು ಬಣ್ಣದ, ಸ್ವಲ್ಪ ದೊರಗಾದ ಅಕ್ಕಿ. ಆಮೇಲೆ ಹಾನಗಲ್ಲಿನಲ್ಲಿ ಅಕ್ಕಿ ಗಿರಣಿ ಆಯಿತು. ಗಾಡಿಯಲ್ಲಿ ಭತ್ತ ಒಯ್ದರೆ ಅಂದೇ ಅಕ್ಕಿ ಬರುತ್ತಿತ್ತು, ಬೆಳ್ಳಗೆ, ನುಣ್ಣಗೆ. ಅತ್ತೆ ಬೀಗರಿಗೆಲ್ಲ ಅದನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತಿದ್ದರು. ನಮ್ಮ ರಟ್ಟೆಗೂ ವಿಶ್ರಾಂತಿ ಸಿಕ್ಕಿತೆಂದು ನಾವೂ ಸಂತೋಷಪಟ್ಟೆವು.

ಮೊದಲ ಬಾಣಂತನ ತವರಿನಲ್ಲಾಗಿತ್ತು. ಎರಡನೆಯದು ಗಂಡನ ಮನೆಯಲ್ಲೇ ಆಗಬೇಕೆಂಬುದು ಅವರ ಮನೆತನದ ಪದ್ಧತಿ. ಬಾಣಂತಿಗೆ ಆ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು. ಕಾಳು ತಿಂದರೆ ಕೂಸಿಗೆ ಹೊಟ್ಟೆನೋವು, ಸೊಪ್ಪು ತಿಂದರೆ ಶೀತ. ಮೊದಲಾದರೆ ಕೊಬ್ಬರಿ, ಅಂಟಿನುಂಡಿ, ಅಳವಿಯ ಪಾಯಸವಾದರೂ ಇರುತ್ತಿತ್ತು. ಲಡಾಯಿ ಶುರುವಾದ ಮೇಲೆ ಅಂಗಡಿಯಲ್ಲಿ ಅವೆಲ್ಲ ಮಾಯವಾದವು. ನನ್ನ ಕಾಲು ಜೋಮು ಹಿಡಿಯುತ್ತಿದ್ದವು, ಪಾದ ಬಾತಿದ್ದವು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದೆ.

ಗಂಡನಿಗೆ ಹೇಳಿ ಗಾಡಿ ಕಟ್ಟಿಸಿ, ಕೂಸನ್ನು ಎದೆಗವಚಿಕೊಂಡು ಹಾನಗಲ್ಲಿನ ದವಾಖಾನೆಗೆ ಹೋದೆ. ವಯಸ್ಸಾದ ಡಾಕ್ಟರರು ಕೂಸಿನ ಎದೆಗೆ ನಳಿಕೆ ಇಟ್ಟು ಕೇಳಿದರು. ಆಮೇಲೆ ನನ್ನ ಪಾದವನ್ನು ಬೆರಳಿನಿಂದ ಒತ್ತಿದರು. ಕುಣಿ ಬಿದ್ದದ್ದು ಹಾಗೇ ಉಳಿಯಿತು.

"ಏನ ಉಣ್ತೀಯವ್ವಾ?"

ಹೇಳಿದೆ.

"ಗಿರಣಿ ಅಕ್ಕಿ ಏನು?"

"ಹೌದ್ರಿ."

ಅವರು ಎದ್ದರು. ಕಪಾಟಿನೊಳಗೆ ಹುಡುಕಿ ಒಂದು ಸೂಜಿಮದ್ದು ತೆಗೆದರು. "ಇದೊಂದ ಉಳದದ. ಲಡಾಯಿ ಅಂತ ಮತ್ತ ಬರವಲ್ತು. ಇದು ಸ್ವಲ್ಪ ದಿವಸ ತಡೀತದ. ಆಮ್ಯಾಲ ಕೂಸು ಉಳಿಯೂದು ನಿನ್ನ ಹಾಲಿನ ಮ್ಯಾಲ. ಗಿರಣ್ಯಾಗ ಅಕ್ಕಿ ಸತ್ವಾ ಎಲ್ಲಾ ತೌಡಿಗೆ ಹೋಗ್ತದ. ಕುಟ್ಟಿದ ಅಕ್ಕಿ ಉಣ್ಣು, ಕಾಳು ತಿನ್ನು, ಸೊಪ್ಪು ತಿನ್ನು. ಯಾರರ ಬ್ಯಾಡಂದ್ರ ನನ್ನ ಹೆಸರು ಹೇಳು."

ಸೂಜಿ ಹಾಕಿಸಿಕೊಂಡು ಬಂದ ಸಂಜೆಯೇ ಕೂಸಿನ ಉಸಿರು ಸಡಿಲಾಯಿತು. ಆದರೆ ಹೇಳಿದ್ದನ್ನು ತಿನ್ನಬೇಕೆಂದರೆ ಎಲ್ಲಿಂದ ತರುವುದು? ಹೊಸ ಭತ್ತ ಇನ್ನೂ ಗದ್ದೆಯಲ್ಲಿತ್ತು. ಹಳೆಯದರಲ್ಲಿ ಸರಕಾರದ ಲೆವಿಗೆ ಕೊಟ್ಟು ಉಳಿದದ್ದನ್ನೆಲ್ಲ ಗಿರಣಿಗೆ ಹಾಕಿಸಿದ್ದೆವು. ಓಣಿಯ ಮನೆಗಳಲ್ಲೂ ಅದೇ ಕತೆ. ರೇಶನ್ ಅಂಗಡಿಯಲ್ಲೂ ಅದೇ ಬಿಳಿ ಅಕ್ಕಿ. ಹೆಸರುಕಾಳು ಕೇಳಿದರೆ ಅಂಗಡಿಯವನು ನಕ್ಕ. ಮನೆಯಲ್ಲಿ ಅತ್ತೆ, "ಡಾಕ್ಟರ್ ಏನ ಹಡದಾನೇನು?" ಎಂದು ನನ್ನ ತಾಟಿಗೆ ಮತ್ತೆ ಅನ್ನವನ್ನೇ ಬಡಿಸಿದರು.

ನನ್ನ ತವರಿನ ಹತ್ತಿರದ ಸವಣೂರಿನಿಂದ ವೀಳ್ಯದೆಲೆ ಮಾರಲು ಬರುತ್ತಿದ್ದವನ ಕೈಯಲ್ಲಿ ಅಪ್ಪನಿಗೆ ಹೇಳಿ ಕಳಿಸಿದೆ. ಅಪ್ಪ ಬರುವುದರೊಳಗೆ ಕೂಸಿನ ದನಿ ಮತ್ತೆ ಒಡೆಯತೊಡಗಿತ್ತು. ಪ್ರತಿ ಸಲ ಅದು ಬಾಯಿ ತೆರೆದಾಗ ನಾನು ಉಸಿರು ಹಿಡಿದು ಕೇಳುತ್ತಿದ್ದೆ.

ಅಪ್ಪ ಬಂದಾಗ ಗಾಡಿಯಲ್ಲಿ ಬರೀ ಹುಲ್ಲಿತ್ತು. ಜೋಳ, ಹೆಸರು ಹೇರಿಕೊಂಡೇ ಹೊರಟಿದ್ದನಂತೆ. ಕಾಳು ಸೀಮೆ ದಾಟಿಸಬಾರದೆಂಬ ಹುಕುಂ ಇತ್ತು. ಹಾದಿಯಲ್ಲಿ ಗಾಡಿ ತಪಾಸಣೆಯ ನಾಕೆಯಲ್ಲಿ ಸಿಪಾಯಿಗಳು ಚೀಲ ಇಳಿಸಿಕೊಂಡಿದ್ದರು. ಅಪ್ಪ ಪಡಸಾಲೆಯಲ್ಲಿ ಕೂರಲೂ ಇಲ್ಲ.

"ಕಾಳು ದಾಟಾಕ ಬಿಡವಲ್ರು. ಬಾಣಂತಿ ದಾಟಿದ್ರ ಯಾರೂ ಬ್ಯಾಡ ಅನ್ನೂದಿಲ್ಲ. ಗಾಡಿ ಹತ್ತು ಮಗಳ."

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಈ ಥಂಡ್ಯಾಗ, ಇಷ್ಟು ದೂರದ ಹಾದಿ! ಕೂಸಿಗೆ ಏನರ ಆತಂದ್ರ ಹೊಣಿ ಯಾರ್ರಿ ಬೀಗರ? ಮಂದಿ ನನಗ ಉಗಳ್ತಾರ."

ನನ್ನ ಗಂಡ ತಾಯಿಯ ಮುಖ, ನನ್ನ ಅಪ್ಪನ ಮುಖ ನೋಡುತ್ತ ನಿಂತ. ಆಗ ಅಡಿಗೆಮನೆಯಿಂದ ನೆಗೆಣ್ಣಿ ಹೊರಗೆ ಬಂದಳು. ಅತ್ತೆಯ ಎದುರು ಅವಳು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

"ಅತ್ತಿ, ನನ್ನ ಎರಡೂ ಹಾದ್ಯಾಗ ಹೋಗಲಿಲ್ರಿ. ಇದ ಮನ್ಯಾಗ, ಬೆಚ್ಚಗ, ನಿಮ್ಮ ತೊಡಿಮ್ಯಾಲ ಹೋದವು. ಇದನ್ನರ ಕಳಸ್ರಿ."

ಅತ್ತೆಯ ಕೈ ಬಾಗಿಲ ಚೌಕಟ್ಟಿನಿಂದ ಜಾರಿತು. ಒಳಗೆ ಹೋದವರು ತಮ್ಮ ಕಂಬಳಿ ತಂದು ಗಾಡಿಯ ಹುಲ್ಲಿನ ಮೇಲೆ ಹಾಸಿದರು. ನನ್ನನ್ನು ನೋಡದೆ, "ಗಾಳಿ ಬಡೀದಂಗ ಹೊಚ್ಚಕೋ" ಎಂದರು. ನನ್ನ ಮೊದಲ ಮಗಳನ್ನು ಅಪ್ಪ ಮುಂದೆ ಕೂರಿಸಿಕೊಂಡ.

ಆ ಪ್ರಯಾಣದಲ್ಲಿ ಯಾವ ಊರು ದಾಟಿದೆವೆಂದು ನೋಡಿದ ನೆನಪಿಲ್ಲ. ಕೂಸಿನ ಮೂಗಿನ ಹೊಳ್ಳೆ ಅರಳುವುದು, ಮುಚ್ಚುವುದು, ಅದೊಂದನ್ನೇ ನೋಡುತ್ತಿದ್ದೆ. ಬಂಕಾಪುರದ ಹತ್ತಿರ ಅದು ಹಾಲು ಕುಡಿಯುವುದನ್ನು ಬಿಟ್ಟಿತು. ಅಪ್ಪ ಹಿಂತಿರುಗಿ ನೋಡಿ ಎತ್ತುಗಳನ್ನು ಇನ್ನಷ್ಟು ಬಿರುಸಾಗಿ ಹೊಡೆದ.

ಮನೆ ಮುಟ್ಟಿದಾಗ ಅವ್ವ ಮಾತಿಗೆ ನಿಲ್ಲಲಿಲ್ಲ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಗುರೆಳ್ಳಿನ ಚಟ್ನಿ ಮುಂದಿಟ್ಟಳು. ನನಗೂ ಹೆದರಿಕೆ. ತಿಂದು ಕೂಸಿಗೆ ಇನ್ನೇನಾದರೂ ಆದರೆ?

"ದೊಡ್ಡಾಕಿನ ಹಡದಾಗ ಏನ ತಿಂದಿದ್ದಿ?" ಎಂದು ಅವ್ವ ಅಂಗಳದಲ್ಲಿ ಓಡುತ್ತಿದ್ದ ನನ್ನ ಮಗಳನ್ನು ತೋರಿಸಿದಳು. ನಾನು ತುತ್ತು ಮುರಿದೆ. ಕೂಸಿಗೆ ಮೊದಲು ಹಾಲೂಡಿಸುವ ಒಳಲೆಯಿಂದ ಹನಿಹನಿಯಾಗಿ ಹಾಲು ಹಾಕಿದೆವು. ಆಮೇಲೆ ಅದು ತಾನೇ ಕಚ್ಚಿತು. ಅವ್ವ ಹೊತ್ತುಹೊತ್ತಿಗೆ ತಂದಿಡುತ್ತಿದ್ದಳು, ನಾನು ಹಸಿವಿಲ್ಲದಿದ್ದರೂ ತಿನ್ನುತ್ತಿದ್ದೆ. ಊಟವೇ ಒಂದು ದುಡಿಮೆಯಾಗಿತ್ತು.

ಒಂದು ದಿನ ಹಿತ್ತಿಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಮಗಳು ಓಡಿ ಬಂದಳು. "ಅವ್ವಾ, ತಮ್ಮ ಚೀರಾಕತ್ತಾನ!" ಒದ್ದೆ ಸೀರೆಯಲ್ಲೇ ಒಳಗೆ ಹೋದೆ. ಅವ್ವ ತೊಟ್ಟಿಲ ಪಕ್ಕದಲ್ಲಿ ನಿಂತಿದ್ದಳು, ಎತ್ತಿಕೊಂಡಿರಲಿಲ್ಲ. ಕೂಸು ಮನೆ ಹಾರಿಹೋಗುವಂತೆ ಅಳುತ್ತಿತ್ತು. ನಾನೂ ಎತ್ತಿಕೊಳ್ಳದೆ ಅಲ್ಲೇ ಕೂತು ಕೇಳಿದೆ. ಅಪ್ಪ ಹೊರಗಿನಿಂದ ಬಂದು, ಕೇಳಿ, ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡು ಹೊಲಕ್ಕೆ ಹೋದ.

ಬೇಸಿಗೆಗೆ ಆಡೂರಿಗೆ ಮರಳಿದೆ. ಅತ್ತೆ ಆ ಮಾತೆತ್ತಲಿಲ್ಲ. ಆದರೆ ಹೊಸ ಭತ್ತದಲ್ಲಿ ಮನೆಗೆ ಉಳಿದದ್ದು ಗಿರಣಿಗೆ ಹೋಗಿರಲಿಲ್ಲ. ಮರುವರ್ಷ ನೆಗೆಣ್ಣಿ ಬಸುರಾದಾಗ ಅತ್ತೆ ಅವಳನ್ನು ತಾವೇ ಹತ್ತಿಮತ್ತೂರಿಗೆ, ನನ್ನ ತವರಿಗೆ ಕರೆದೊಯ್ದರು. ನೆಗೆಣ್ಣಿಗೆ ತಾಯಿ ಇರಲಿಲ್ಲ. ಅವಳು ಹೆಣ್ಣು ಹಡೆದಳು. ಕೂಸಿಗೆ ಮೂರು ತಿಂಗಳು ತುಂಬುವ ತನಕ ಅತ್ತೆ ಬೀಗರ ಮನೆಯಲ್ಲೇ ಉಳಿದರು. ಮೂರು ಮುಗಿದ ಮೇಲೂ ಒಂದಷ್ಟು ದಿನ ಹೊರಡಲು ಅವರಿಗೆ ಧೈರ್ಯ ಬರಲಿಲ್ಲ.

ನಮ್ಮ ಓಣಿಯಲ್ಲಿ ಆಮೇಲೂ ಕೂಸುಗಳು ಹೋದವು. ಹೇಳಿದರೆ ಕೆಲವರು ಕೇಳುತ್ತಿರಲಿಲ್ಲ, ಕೇಳಿದವರಿಗೆ ಕಾಳು ಸಿಗುತ್ತಿರಲಿಲ್ಲ. ಲಡಾಯಿ ನಿಂತ ಮೇಲೆ ಅತ್ತೆ ನನ್ನ ಅಪ್ಪನಿಂದ ಹೆಸರಿನ ಬೀಜ ಕೇಳಿ ತರಿಸಿದರು. ಗದ್ದೆ ಕೊಯ್ದ ನೆಲದಲ್ಲಿ ಅದು ಬರುವುದಿಲ್ಲವೆಂದು ಮಾವ ಗೊಣಗಿದರೂ ಕೇಳದೆ, ತಾವೇ ಹೋಗಿ ಕೆರೆಯ ಕೆಳಗಿನ ಹಸಿ ಮಣ್ಣಿನಲ್ಲಿ ಚೆಲ್ಲಿಸಿದರು. ಬಂದದ್ದು ಕಡಿಮೆಯೇ. ಅದನ್ನು ಓಣಿಯ ಬಾಣಂತಿಯರ ಮನೆಗೆ ಬಟ್ಟಲಲ್ಲಿ ತುಂಬಿ, ನೆಗೆಣ್ಣಿಯ ಕೈಯಲ್ಲಿ ಕಳಿಸಿದರು.