ಕೈಕೊಡುವ ತನಕ ಕಾಯುವ ತಡೀರಿ ಮಾಮ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಗೇಟಿನೊಳಗೆ ನಿಂತ ಬೂದುಬಣ್ಣದ ಪುಟ್ಟ ಕಾರಿನ ಪಕ್ಕ, ಕವುಚಿಟ್ಟ ಬಕೆಟ್ಟಿನ ಮೇಲೆ ಒಬ್ಬರು ಕೂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫ್ಲಾಸ್ಕಿನ ಮುಚ್ಚಳ, ಅದರಲ್ಲಿ ಅರ್ಧ ಕಾಫಿ. ಕಾರಿನ ಒಡತಿ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸಮ್ಮ, ಆರು ಗಂಟೆಗೆ ಬಂದು ಸೀಟಿನಲ್ಲಿ ಕೂತು ಕೀಲಿ ತಿರುಗಿಸುತ್ತಾರೆ. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ಬಕೆಟ್ಟಿನ ಮೇಲೆ ಕೂತವರ ಮುಖ ಹುಳ್ಳಗಾಗುತ್ತದೆ.

“ಛೆ, ಇವತ್ತೂ ಚೆನ್ನಾಗೇ ಇದೆಯಲ್ಲ,” ಎಂದು ಅವರು ಕಾಫಿ ಮುಗಿಸಿ ಏಳುತ್ತಾರೆ. ಹೀಗೆ ಬಂದು ವಾಪಸ್ಸು ಹೋಗುತ್ತಿರುವುದು ಇದು ಮೂರನೇ ದಿನ.

ಇವರು ಕಾರುಗಳ ವೈರಿಂಗ್ ಕೆಲಸದವರು. ವಯಸ್ಸು ಅರವತ್ತೊಂದು, ಕೆಲಸಕ್ಕೆ ನಲವತ್ತೆರಡು. ಊರಿಗೆಲ್ಲ ‘ತಡೀರಿ ಮಾಮ’. ಯಾರಾದರೂ ಕಾರಿನ ಬಾನೆಟ್ಟಿಗೆ ಕೈಹಾಕಿದರೆ ಸಾಕು, ಇವರ ಬಾಯಿಂದ ಬರುವ ಮೊದಲ ಮಾತು ‘ತಡೀರಿ’. ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನನಗೆ ಕಾಯುವುದೆಂದರೆ ಮೊದಲಿಂದಲೂ ಅಲರ್ಜಿ. ಕೆಟ್ಟ ಕಾರನ್ನು ಸರಿಮಾಡುವವರನ್ನು ಕಂಡಿದ್ದೆ. ಸರಿಯಾಗಿರುವ ಕಾರು ಕೆಡಲಿ ಎಂದು ಚಳಿಯಲ್ಲಿ ಕೂರುವವರನ್ನು ಮಾತ್ರ ಕಂಡಿರಲಿಲ್ಲ.

ಅವರ ಅಂಗಡಿ ಒಂದು ಕಾರು ನಿಲ್ಲುವಷ್ಟೇ ಅಗಲ. ಗೋಡೆಯ ಮೊಳೆಗಳಿಗೆ ಸುತ್ತಿಟ್ಟ ವೈರುಗಳು, ಮೂಲೆಯಲ್ಲಿ ಬಲ್ಬು ಹಾಕಿದ ಟೆಸ್ಟರ್, ಬೆನ್ನುನೋವಿಗೆಂದು ಹೆಂಡತಿ ಹೊಲಿದುಕೊಟ್ಟ ದಿಂಬು. ದಿನಕ್ಕೆ ನಾಲ್ಕೈದು ಕಾರು ಬರುತ್ತವೆ. ಹಾರ್ನು, ಹೆಡ್‌ಲೈಟು, ಕಿಟಕಿ ಮೋಟರು ಇವೆಲ್ಲ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ವಾರಕ್ಕೊಂದೋ ಎರಡೋ ಮಾತ್ರ ಕಣ್ಣಾಮುಚ್ಚಾಲೆ ಆಡುವ ಕಾರುಗಳು: ಒಮ್ಮೆ ಸ್ಟಾರ್ಟ್ ಆಗುತ್ತವೆ, ಇನ್ನೊಮ್ಮೆ ಜಪ್ಪಯ್ಯ ಎಂದರೂ ಆಗುವುದಿಲ್ಲ. ಬೇರೆಯವರು ಕೈಚೆಲ್ಲಿದ ಇಂಥವನ್ನೇ ಮಾಮ ಆಸೆಪಟ್ಟು ಒಪ್ಪಿಕೊಳ್ಳುತ್ತಾರೆ.

ಈ ಹಟಕ್ಕೊಂದು ಹಳೆಯ ಕಾರಣವಿದೆ. ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ಒಬ್ಬರ ಕಾರಿಗೆ ಹೊಸ ಬ್ಯಾಟರಿ ಹಾಕಿ, ಎರಡು ಸಲ ಸ್ಟಾರ್ಟ್ ಮಾಡಿ ತೋರಿಸಿ, ಸರಿಯಾಯ್ತು ಎಂದು ಕಳಿಸಿದ್ದರಂತೆ. ನಾಲ್ಕನೇ ದಿನ ಆ ಕಾರು ಮತ್ತೆ ನಿಂತುಬಿಟ್ಟಿತು. ಕಾರಿನವರ ಮಗಳು ಪರೀಕ್ಷೆಗೆ ಹೊರಟಿದ್ದಳು, ಅವಳಿಗೆ ಪರೀಕ್ಷೆ ತಪ್ಪಿತು. ಅಪ್ಪ ಬಂದು ಜಗಳವಾಡಲಿಲ್ಲ, ಕೀಲಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಹೊರಟುಹೋದರು. “ಬೈದಿದ್ರೆ ಮರ್ತುಬಿಡ್ತಿದ್ದೆ ಮೇಡಂ,” ಎನ್ನುತ್ತಾರೆ ಮಾಮ. ಆಮೇಲೆ ಅವರು ತಪ್ಪನ್ನು ಕಣ್ಣಾರೆ ನೋಡದೆ ಯಾವ ಕಾರನ್ನೂ ಬಿಟ್ಟುಕೊಟ್ಟಿಲ್ಲ. ದಿನಕ್ಕೆ ಹತ್ತು ಕಾರು ಮುಗಿಸಬೇಕಾದ ವರ್ಕ್‌ಶಾಪಿಗೆ ಒಂದೇ ಕಾರಿನ ಮುಂದೆ ಕೂರುವ ಈ ಆಸಾಮಿ ಬೇಡವಾದರು. ಎರಡು ವರ್ಷ ಕಂಡಕಂಡವರ ಅಂಗಳದಲ್ಲಿ ನಿಂತು ಕೆಲಸ ಮಾಡಿ, ಕೊನೆಗೆ ಈ ಒಂದು ಕಾರಿನ ಅಂಗಡಿ ಹಿಡಿದರು.

ಅವರ ಹೆಂಡತಿಯನ್ನು ಮಾತಾಡಿಸಿದರೆ ಬೇರೆಯೇ ಕಥೆ. ಮನೆಯ ಕಾಲಿಂಗ್ ಬೆಲ್ಲು ಎಂಟು ತಿಂಗಳಿಂದ ಮನಸ್ಸು ಬಂದಾಗ ಮಾತ್ರ ಹೊಡೆಯುತ್ತದೆಯಂತೆ. “ನಾನಿದ್ದಾಗ ಸರಿಯಾಗೇ ಹೊಡಿಯುತ್ತೆ ಅಂತಾರೆ. ಬೆಲ್ ಪಕ್ಕ ಕಾಯ್ತಾ ಕೂತ್ಕೊಳ್ಳಿ ಅಂದ್ರೆ ಮಾತ್ರ ಇವರಿಗೆ ಪುರಸೊತ್ತಿಲ್ಲ,” ಎಂದು ಅವರು ನಗುತ್ತಾರೆ. ಮಾಮ ಕೇಳಿಸದವರಂತೆ ಟಾರ್ಚಿನ ಸೆಲ್ಲು ಬದಲಾಯಿಸುತ್ತಾರೆ.

ನರ್ಸಮ್ಮನಿಗೆ ಮಾತ್ರ ನಗುವ ಸ್ಥಿತಿಯಿಲ್ಲ. ದಿನಕ್ಕೆ ಏಳು ಮನೆ. ಮೊದಲನೆಯ ಮನೆಯಲ್ಲಿರುವುದು ಕಣ್ಣು ಮಂಜಾದ ಹಿರಿಯಜ್ಜಿ. ಬೆಳಿಗ್ಗೆ ಆರೂವರೆಗೆ ಇನ್ಸುಲಿನ್ ಚುಚ್ಚಿದ ಮೇಲೆಯೇ ಅವರ ಬಾಯಿಗೆ ತುತ್ತು. ಕಾರು ಕೈಕೊಟ್ಟ ದಿನ ಅಜ್ಜಿ ಹಸಿದುಕೊಂಡೇ ಬಾಗಿಲು ಕಾಯುತ್ತಾರೆ. ಎರಡು ತಿಂಗಳಲ್ಲಿ ಹೀಗೆ ಆರು ಸಲ ಆಗಿದೆ. ಇನ್ನೊಂದು ಸಲ ತಡವಾದರೆ ಬೆಳಗಿನ ಮನೆಗಳನ್ನೆಲ್ಲ ಬೇರೆಯವರಿಗೆ ಕೊಡುವುದಾಗಿ ಮೇಲಿನವರು ಹೇಳಿಯಾಗಿದೆ. ಮೂರು ವರ್ಕ್‌ಶಾಪುಗಳಲ್ಲಿ ಬ್ಯಾಟರಿ, ಸ್ಟಾರ್ಟರ್ ಮೋಟರ್, ಕೀಲಿ ತಿರುಗಿಸುವ ಸ್ವಿಚ್ಚು ಎಲ್ಲ ಹೊಸದಾಗಿವೆ. ಪ್ರತಿ ಸಲವೂ ನಾಲ್ಕೈದು ದಿನ ಕಾರು ಚಿನ್ನದಂತೆ ನಡೆದು, ಮತ್ತೆ ಹಳೆಯ ಚಾಳಿ ಹಿಡಿಯುತ್ತದೆ. ಹೀಗೆ ಮೊಂಡು ಹಿಡಿದಾಗ ಕೆಳಗಿಳಿದು, ಬಾನೆಟ್ ತೆಗೆದು ನೋಡಿ, ಮತ್ತೆ ಕೂತರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವುದೂ ಉಂಟು.

ಮಾಮನ ಅಂಗಡಿಯಲ್ಲೂ ಅದು ಕೈಕೊಡಲಿಲ್ಲ. ಆಗ ಅವರು ಹಾಕಿದ ಷರತ್ತು ವಿಚಿತ್ರವಾಗಿತ್ತು. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ತಾನು ಬರುತ್ತೇನೆ, ನರ್ಸಮ್ಮನೇ ಕೂತು ಸ್ಟಾರ್ಟ್ ಮಾಡಬೇಕು, ಕಾರನ್ನು ಗುಡಿಸಬಾರದು, ಒರೆಸಬಾರದು, ಒಳಗಿನ ಒಂದು ಚೀಟಿಯನ್ನೂ ಸರಿಸಬಾರದು. ಮೂರನೇ ದಿನ ಹಿಂದಿನ ಸೀಟಿನಲ್ಲಿದ್ದ ನಾನು ಮಂಜು ಕಟ್ಟಿದ ಗಾಜು ಒರೆಸಲು ಕೈ ಎತ್ತಿದ್ದಕ್ಕೇ ‘ತಡೀರಿ’ ಎಂದು ಗದರಿಸಿಕೊಂಡೆ.

ನಾಲ್ಕನೇ ದಿನ. ನರ್ಸಮ್ಮ ಕೀಲಿ ತಿರುಗಿಸುತ್ತಾರೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ, ಎಂಜಿನ್ ಮಾತ್ರ ಉಸಿರೆತ್ತುವುದಿಲ್ಲ. ಗಡಿಯಾರದಲ್ಲಿ ಆರು ಐದು. ನರ್ಸಮ್ಮನ ಕಣ್ಣಲ್ಲಿ ನೀರು ಬಂದೇಬಿಡುತ್ತದೆ, ಇಳಿಯಲೆಂದು ಬಾಗಿಲಿಗೆ ಕೈಹಾಕುತ್ತಾರೆ.

“ತಡೀರಿ ಸಿಸ್ಟರ್. ಇಳೀಬೇಡಿ. ಕಾಲು ಎಲ್ಲಿದ್ಯೋ ಅಲ್ಲೇ ಇರ್ಲಿ.”

ಮಾಮ ಬಾಗಿಲು ತೆರೆದು, ಮೊಣಕಾಲೂರಿ ಟಾರ್ಚನ್ನು ಅವರ ಕಾಲಿನತ್ತ ಹಿಡಿಯುತ್ತಾರೆ. ಬಾನೆಟ್ಟಿನತ್ತ ತಿರುಗಿಯೂ ನೋಡುವುದಿಲ್ಲ. ಆಮೇಲೆ ಕೈ ಒಳಗೆ ಚಾಚಿ, ಕಾಲಡಿಯ ದಪ್ಪ ರಬ್ಬರ್ ಮ್ಯಾಟನ್ನು ನಾಲ್ಕು ಬೆರಳಷ್ಟು ಹಿಂದಕ್ಕೆ ಎಳೆಯುತ್ತಾರೆ. ಈಗ ಕ್ಲಚ್ ಪೂರ್ತಿ ಒತ್ತಿ ತಿರುಗಿಸಲು ಹೇಳುತ್ತಾರೆ. ಕಾರು ಸ್ಟಾರ್ಟ್ ಆಗುತ್ತದೆ.

ಇಷ್ಟೇ. ಕ್ಲಚ್ ತಳದವರೆಗೆ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರಿದು, ಪೆಡಲಿನ ಮೇಲ್ಗಡೆ ಅದಕ್ಕೊಂದು ಪುಟ್ಟ ಸ್ವಿಚ್ಚಿದೆ. ಕಾಲು ತಣ್ಣಗಾಗಬಾರದೆಂದು ತಂಗಿ ಕೊಟ್ಟ ದಪ್ಪ ಮ್ಯಾಟು ದಿನದಿನಕ್ಕೆ ಚೂರುಚೂರೇ ಮುಂದೆ ಜಾರಿ ಪೆಡಲಿನಡಿ ಮಡಿಚಿಕೊಳ್ಳುತ್ತಿತ್ತು. ಒತ್ತಿದ್ದು ಪೂರ್ತಿ ಎಂದು ನರ್ಸಮ್ಮ ಅಂದುಕೊಂಡಿದ್ದರು, ಆದರೆ ಅದು ಮುಕ್ಕಾಲೇ ಆಗುತ್ತಿತ್ತು. ಇಳಿದು ಹತ್ತುವಾಗ ಮ್ಯಾಟು ಸರಿದರೆ ಕಾರಿಗೆ ಮತ್ತೆ ಒಳ್ಳೆಯ ಬುದ್ಧಿ ಬರುತ್ತಿತ್ತು.

ಆ ವರ್ಕ್‌ಶಾಪಿನವರಿಗೆ ಇದು ಕಾಣಲೇ ಇಲ್ಲವೇ ಎಂದು ನಾನು ಕೊಂಕು ತೆಗೆಯುತ್ತೇನೆ. ಮಾಮ ಒಪ್ಪುವುದಿಲ್ಲ. “ಅವರದ್ದು ತಪ್ಪಲ್ಲ. ಕಾರು ಬಂದ ಕೂಡ್ಲೇ ಮ್ಯಾಟ್ ತೆಗೆದು, ಕಾಗದ ಹಾಸಿ ಕೂರ್ತಾರೆ. ಗಲೀಜಾಗ್ಬಾರ್ದು ಅಂತ. ಕೊಡುವಾಗ ಒದರಿ ನೆಟ್ಟಗೆ ಹಾಕ್ತಾರೆ. ನಾನೂ ಅಂಗಡೀಲಿ ಅದನ್ನ ಕಾಲಲ್ಲೇ ಹಿಂದಕ್ಕೆ ತಳ್ಳಿ ಕೂತಿದ್ದೆ, ಗೊತ್ತೇ ಆಗ್ಲಿಲ್ಲ.” ಅಂದರೆ ಶುಚಿಯಾಗಿ ಕೆಲಸ ಮಾಡಿದವರ ಕೈಗೆಲ್ಲ ಈ ಕಾರು ಸಿಗದೆ ತಪ್ಪಿಸಿಕೊಂಡಿತ್ತು.

ನರ್ಸಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಮಾಮ ಇನ್ನೂ ಬಿಡುವುದಿಲ್ಲ. ಎಂಜಿನ್ ಆರಿಸಿ, ಮ್ಯಾಟನ್ನು ಬೇಕೆಂದೇ ಮುಂದಕ್ಕೆ ತಳ್ಳಿ ತಿರುಗಿಸಲು ಹೇಳುತ್ತಾರೆ. ಆಗುವುದಿಲ್ಲ. ಹಿಂದಕ್ಕೆಳೆದರೆ ಆಗುತ್ತದೆ. ಮೂರು ಸಲ ಕೆಡಿಸಿ, ಮೂರು ಸಲ ಸರಿಮಾಡಿದ ಮೇಲೆ ಮ್ಯಾಟನ್ನು ಹೊರಗೆಳೆದು ಮೆಟ್ಟಿಲ ಮೇಲೆ ಹಾಕುತ್ತಾರೆ. “ಸರಿಯಾಯ್ತು ಸಿಸ್ಟರ್. ಅಜ್ಜಿ ಕಾಯ್ತಿರ್ತಾರೆ, ಹೊರಡಿ.” ಆಗ ಆರು ಹದಿನಾಲ್ಕು. ಆರೂವರೆಗೆ ಎರಡು ನಿಮಿಷ ಮುಂಚೆಯೇ ಅಜ್ಜಿಯ ಮನೆ ತಲುಪಿದ ನರ್ಸಮ್ಮ ಸಂಜೆ ನನಗೆ ಫೋನ್ ಮಾಡಿ ಹೇಳಿದಾಗ ಅವರ ದನಿ ಹಗುರಾಗಿತ್ತು.

ಮೂರು ವಾರ ಬಿಟ್ಟು, ಈ ಬರಹ ಕಳಿಸುವ ಮುಂಚೆ, ಮಾಮನ ಅಂಗಡಿಗೆ ಹೋಗುತ್ತೇನೆ. ಅವರು ಬೇರೊಂದು ಕಾರಿನಡಿ ಮಲಗಿದ್ದಾರೆ. ನರ್ಸಮ್ಮ ಏನಾದರೂ ಫೋನ್ ಮಾಡಿದ್ದರಾ ಎಂದು ಕೇಳುತ್ತೇನೆ. ಮಾಮ ಹೊರಗೆ ಜರುಗಿ ಬಂದು, ಗ್ರೀಸಾದ ಮುಖದಲ್ಲಿ ಬಾಯ್ತುಂಬ ನಗುತ್ತಾರೆ.

“ಒಂದೇ ಒಂದು ಸಲಾನೂ ಮಾಡಿಲ್ಲ ಮೇಡಂ. ನನ್ನ ಮರ್ತೇಬಿಟ್ಟಿದ್ದಾರೆ.”